ಐಷಾರಾಮಿ ಬೋಗಿಗೂ ಒಂದು ತೆರೆಯುವ ಕಿಟಕಿ ಇರಲಿ

ಸಂಪಾದಕರೇ,

ಬೆಟ್ಟದ ಪುಟ್ಟ ರೈಲುಗಳಿಗೆ ಗಾಜಿನ ಚಾವಣಿಯ ಐಷಾರಾಮಿ ಬೋಗಿ ಜೋಡಿಸುವುದು ಒಳ್ಳೆಯದೇ. ವಯಸ್ಸಾದವರಿಗೆ ಮೆತ್ತನೆ ಸೀಟು ಬೇಕು, ಗಾಜು ದೊಡ್ಡದಿದ್ದಷ್ಟೂ ನೋಟ ಜಾಸ್ತಿ. ಆದರೆ ಏಸಿ ಹೆಸರಲ್ಲಿ ಎಲ್ಲಾ ಕಿಟಕಿ ಮುಚ್ಚಿಬಿಟ್ಟರೆ ಅರ್ಧ ಪ್ರಯಾಣವೇ ಕೈತಪ್ಪುತ್ತದೆ.

1903ರಲ್ಲಿ ಶುರುವಾದ ಕಾಲ್ಕಾ–ಶಿಮ್ಲಾ ಮಾರ್ಗವನ್ನೇ ನೋಡಿ. ಹಳಿಗಳ ನಡುವೆ ಬರೀ 762 ಮಿ.ಮೀ. ಅಂತರ. ಅದಕ್ಕೇ ಅದು ಹೆಚ್ಚಿನ ಕಡೆ ಬೆಟ್ಟವನ್ನು ಸೀಳದೆ, ಅದರ ಮೈಗೆ ಅಂಟಿಕೊಂಡೇ ಸುತ್ತುತ್ತದೆ. 96 ಕಿ.ಮೀ.ಯಲ್ಲಿ ಸುಮಾರು 1,400 ಮೀಟರ್ ಹತ್ತುತ್ತದೆ. ತಿರುವಿನಲ್ಲಿ ನಮ್ಮದೇ ರೈಲಿನ ಎಂಜಿನ್ ಪಕ್ಕದಲ್ಲಿ ಕಾಣಿಸುತ್ತದೆ. ಸುರಂಗದ ಒದ್ದೆ ಕಲ್ಲುಗೋಡೆ ಎಷ್ಟು ಹತ್ತಿರ ಅಂದರೆ, ಅದರ ತಣ್ಣನೆ ಉಸಿರು ಮುಖಕ್ಕೆ ತಾಗುತ್ತದೆ. ಬಡೋಗ್ ಸುರಂಗವಂತೂ ಒಂದು ಕಿ.ಮೀ.ಗೂ ಉದ್ದ, ಅಲ್ಲಿ ಮಕ್ಕಳು ಕೂಗೋದೇ ಒಂದು ಹಬ್ಬ. ಚಕ್ರ ಹಳಿಗೆ ಉಜ್ಜುವ ಕಿರ್ರ್ ಸದ್ದು, ಪೈನ್ ಮರಗಳ ವಾಸನೆ, ಇವೆಲ್ಲ ಗಾಜಿನಾಚೆಯೇ ಉಳಿದರೆ ಸುಮ್ನೆ ಟೀವಿ ನೋಡಿದ ಹಾಗೆ. (ಡೀಸೆಲ್ ಹೊಗೆಯೂ ಬರುತ್ತದೆ, ಒಪ್ಪುತ್ತೇನೆ!)

ಹಾಗಾಗಿ ಹೊಸ ಬೋಗಿ ಮಾಡುವಾಗ ಕೊನೆಯಲ್ಲಿ ಒಂದಷ್ಟು ಜಾಗವನ್ನಾದರೂ ತೆರೆದಿಡಲಿ, ಕಂಬಿ ಹಾಕಿ ಸುರಕ್ಷಿತವಾಗಿ. ಅಮೆರಿಕದ ಡುರಾಂಗೊ–ಸಿಲ್ವರ್ಟನ್ ಪುಟ್ಟ ರೈಲಿನಲ್ಲಿ ಬದಿ ತೆರೆದ ಬೋಗಿಗಳೂ ಓಡುತ್ತವೆ. ಇನ್ನೊಂದು ಮಾತು: ಐಷಾರಾಮಿ ಬೋಗಿ ಸೇರಿಸುವಾಗ ಸಾಮಾನ್ಯ ಬೋಗಿ ಕಳಚಬೇಡಿ. ಬೆಟ್ಟದೂರಿನ ಜನರೂ ಅದರಲ್ಲೇ ಓಡಾಡುತ್ತಾರೆ.

— ಒಬ್ಬ ರೈಲುಪ್ರೇಮಿ