ಬೆಂಕಿ ಕದ್ದನೋ, ಸಂಶೋಧನೆ ಮಾಡಿದನೋ

ತುಮಕೂರು
ಭಾನುವಾರ ಮಧ್ಯಾಹ್ನ

ಗೆಳೆಯಾ,

ನಿನ್ನ ಮೇಲ್ ಬಂತು. ಮೊದಲ ಸಾಲೇ: "ಪ್ರಮೀಥಿಯಸ್ ಯಾವಾಗಲೋ ಪಿಎಚ್‌ಡಿಗೆ ಸೇರಿಕೊಂಡಿದ್ದು?" ಅಂಗಡಿಯಲ್ಲಿ ಮದುವೆ ಕಾರ್ಡಿನ ಪ್ರೂಫ್ ನೋಡೋಕೆ ಬಂದವರು ಎದುರಿಗೇ ಕೂತಿದ್ದರು. ನಾನು ಒಬ್ಬನೇ ನಕ್ಕಿದ್ದು ನೋಡಿ, ಮಗಳ ಹೆಸರಲ್ಲೇ ಏನೋ ತಪ್ಪಾಗಿದೆ ಅಂದುಕೊಂಡು ಪಾಪ ಇಡೀ ಕಾರ್ಡನ್ನ ಇನ್ನೊಂದು ಸಲ ಓದಿಸಿದರು.

ಗ್ರೀಕ್ ಪುರಾಣದ ಕತೆಗಳನ್ನ ಕ್ಲಿಂಗನ್‌ಗೆ, ಅಂದರೆ ಸ್ಟಾರ್ ಟ್ರೆಕ್‌ನ ಯೋಧ ಜನಾಂಗಕ್ಕೆ ಅಂತ ಕಟ್ಟಿದ ಭಾಷೆಗೆ, ಅನುವಾದ ಮಾಡಿ ನಿನಗೆ ಕಳಿಸ್ತಿದೀನಲ್ಲ, ದೇವರ ಬೆಂಕಿ ಕದ್ದ ಪ್ರಮೀಥಿಯಸನ ಕತೆಯಲ್ಲಿ ಆಗಿದ್ದು ಇಷ್ಟು. ಕ್ಲಿಂಗನ್‌ನಲ್ಲಿ ಬೆಂಕಿಗೆ 'ಕುಲ್' ಅಂತಾರೆ, ಇಂಗ್ಲಿಷಿನ ಸಣ್ಣ ಕ್ಯೂನಿಂದ ಬರೀಬೇಕು. ದೊಡ್ಡ ಕ್ಯೂ ಹಾಕಿದರೆ 'ಸಂಶೋಧನೆ ಮಾಡು' ಅನ್ನೋ ಬೇರೆಯದೇ ಪದ. ಸಣ್ಣದು ಗಂಟಲ ಹತ್ತಿರ ತಟ್ಟಿ ಬಿಡೋ ಕಕಾರ, ದೊಡ್ಡದು ಅದೇ ಜಾಗದಲ್ಲಿ ಕ್ಯಾಕರಿಸಿದ ಹಾಗೆ. ಆ ಭಾಷೆಯಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕರ್ತೃ ಕಟ್ಟಕಡೆಗೆ: 'ಬೆಂಕಿ ಕದ್ದ ಪ್ರಮೀಥಿಯಸ್'. ನಮ್ಮ ಕಿವಿಗೆ ಇದೇನೂ ಹೊಸದಲ್ಲ, ನಮ್ಮಜ್ಜಿ ದಿನಾ 'ಹಾಲು ಕುಡಿದು ಹೋಯ್ತು ನೋಡು ಬೆಕ್ಕು' ಅಂತಿದ್ದಳಲ್ಲ, ಹಾಗೆ. ಆದರೆ ಬೆಂಕಿ ವಾಕ್ಯದ ತಲೆಗೇ ಬಂದು ಕೂತಿತು. ನಾನು ಸಿರಾದಿಂದ ಬರೋ ಬಸ್ಸಲ್ಲಿ ಫೋನಿನಲ್ಲೇ ಟೈಪ್ ಮಾಡ್ತಿದ್ದೆ. ವಾಕ್ಯದ ಮೊದಲಕ್ಷರ ಅಂತ ಫೋನು ತಾನಾಗಿಯೇ ಅದನ್ನ ದೊಡ್ಡದು ಮಾಡಿಬಿಟ್ಟಿತು. ದೇವಲೋಕದಿಂದ ಬೆಂಕಿ ತಂದವನನ್ನ ಲೈಬ್ರರಿಗೆ ಕಳಿಸಿದ್ದು ನಾನಲ್ಲ, ಫೋನು.

ಬೇರೆಯವರಾದರೆ ಸರಿ, ನಾವಿಬ್ಬರು ಇದರಲ್ಲಿ ಎಡವಬಾರದಿತ್ತು. ಡಿಟಿಪಿ ಕಲಿತ ದಿನದಿಂದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲೇ ಕೈ ಓಡಿಸಿದವರು. ಅಲ್ಲೂ ಸಣ್ಣ ಕ್ಯೂ ಒತ್ತಿದರೆ ಟ, ಶಿಫ್ಟ್ ಹಿಡಿದು ಒತ್ತಿದರೆ ಠ. ಸಣ್ಣ ಎಲ್ ಅಂದರೆ ಲ, ದೊಡ್ಡದು ಳ. ಆ ಹೋಟೆಲಿನ ದರಪಟ್ಟಿಯಲ್ಲಿ ನೀನು 'ಸೊಪ್ಪಿನ ಹುಲಿ' ಅಂತ ಹೊಡೆದು, ಇನ್ನೂರು ಪ್ರತಿ ಪ್ರಿಂಟಾದ ಮೇಲೆ ನೋಡಿದ್ದು ನೆನಪಿದೆ ತಾನೆ? ಇಂಗ್ಲಿಷಿನವರಿಗೆ ದೊಡ್ಡಕ್ಷರ ಅಂದರೆ ಅಕ್ಷರಕ್ಕೆ ತೊಡಿಸಿದ ಪೇಟ. ತೆಗೆದರೂ ಆಳು ಅದೇ. ನಮ್ಮ ಕೀಲಿಮಣೆಯಲ್ಲಿ, ಕ್ಲಿಂಗನ್‌ನಲ್ಲಿ, ಪೇಟ ತೆಗೆದರೆ ಆಳೇ ಬೇರೆ.

ನಿನ್ನ ಎರಡನೇ ದೂರಿಗೆ ಬರ್ತೀನಿ. ಹೋದ ತಿಂಗಳ ಮೇಲ್‌ನಲ್ಲಿ ಯಾವುದು ಅನುವಾದ, ಯಾವುದು ನನ್ನ ಅನುಮಾನ ಅಂತಲೇ ಗೊತ್ತಾಗಲಿಲ್ಲ ಅಂದೆ. ನಾನು ಕ್ಲಿಂಗನ್ ಸಾಲುಗಳನ್ನ ದಪ್ಪಕ್ಷರದಲ್ಲಿ, ಗ್ರೀಕ್ ಹೆಸರುಗಳನ್ನ ನೀಲಿಯಲ್ಲಿ, ಅನುಮಾನಗಳನ್ನ ಓರೆ ಅಕ್ಷರದಲ್ಲಿ ಹಾಕಿದ್ದೆ, ಎಷ್ಟು ಚಂದ ಮಾಡಿದೀನಿ ಅಂತ ನನಗೇ ಹೆಮ್ಮೆ. ನಿನ್ನ ಕಡೆ ಎಲ್ಲಾ ಒಂದೇ ಮುದ್ದೆ. ಯಾಕೆ ಅಂದರೆ, ಅಲಂಕಾರ ಮಾಡಿದ ಮೇಲ್ ಸಾಮಾನ್ಯವಾಗಿ ಒಂದೇ ಲಕೋಟೆಯಲ್ಲಿ ಎರಡು ಕಾಗದ ಹೊತ್ತುಕೊಂಡು ಹೋಗುತ್ತೆ. ಒಂದು ಎಚ್‌ಟಿಎಂಎಲ್‌ನದು, ಬಣ್ಣ, ದಪ್ಪ ಎಲ್ಲ ಇರೋದು. ಇನ್ನೊಂದು ಅದನ್ನೆಲ್ಲ ಒರೆಸಿ ಹಾಕಿದ ಬರೀ ಪಠ್ಯ. ಯಾವುದನ್ನ ತೆರೆದು ತೋರಿಸಬೇಕು ಅನ್ನೋದು ಕಳಿಸಿದವನ ಕೈಲಿಲ್ಲ, ತೆರೆಯೋ ಸಾಫ್ಟ್‌ವೇರಿನದು. ಈ ಏರ್ಪಾಡು 1992ರಲ್ಲಿ ಮೈಮ್ ಅನ್ನೋ ನಿಯಮಾವಳಿ ಜೊತೆ ಬಂದಿದ್ದು. ಅದಕ್ಕೂ ಮುಂಚೆ ಮೇಲ್ ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ, ಅಷ್ಟೇ. ಒತ್ತಿ ಹೇಳಬೇಕಾದ ಪದಕ್ಕೆ ಎರಡೂ ಕಡೆ ನಕ್ಷತ್ರ ಹಾಕೋರು. ಇನ್ನು ಮೇಲೆ ನಾನೂ ಅದೇ ಮಾಡ್ತೀನಿ. ನಕ್ಷತ್ರ ಯಾವ ಸಾಫ್ಟ್‌ವೇರಿಗೂ ಹೆದರಲ್ಲ.

ಮೂರನೆಯದು ನೀನು ಹೇಳಲಿಲ್ಲ, ನಾನೇ ಕಂಡುಕೊಂಡೆ. ಗ್ರೀಕರ ಸಮುದ್ರದೇವ ಪೊಸೈಡನ್ನನ ಕತೆ ಕಳಿಸಿದ್ದೆನಲ್ಲ? ಕ್ಲಿಂಗನ್‌ನಲ್ಲಿ ನೀರಿಗೆ 'ಬಿಕ್'. ಅದಕ್ಕೆ 'ಆ' ಅನ್ನೋ ಪ್ರತ್ಯಯ ಸೇರಿಸಿದರೆ ಸಮುದ್ರ, ಹೆದ್ದಾರಿ, ಹೆಬ್ಬಂಡೆಯಲ್ಲಿ ನಾವು 'ಹೆ' ಸೇರಿಸೋ ಹಾಗೆ. ಆ ಪ್ರತ್ಯಯದ ಹಿಂದೆ ಮುಂದೆ ಎರಡು ಅಪಾಸ್ಟ್ರಫಿ. ಕ್ಲಿಂಗನ್‌ನಲ್ಲಿ ಅಪಾಸ್ಟ್ರಫಿ ಚಿಹ್ನೆಯಲ್ಲ, ವ್ಯಂಜನ. ಗಂಟಲನ್ನ ಒಂದು ಗಳಿಗೆ ಬಿಗಿದು ಬಿಡೋ ಸದ್ದು. ನಾನು ವರ್ಡ್‌ನಲ್ಲಿ ಬರೆದು ತಂದು ಅಂಟಿಸಿದ್ದೆ. ಅದು ನೆಟ್ಟಗಿದ್ದ ಅಪಾಸ್ಟ್ರಫಿಯನ್ನ ಕೊಕ್ಕೆ ಮಾಡಿತ್ತು. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡೋ ಯೂನಿಕೋಡ್‌ನ ಯುಟಿಎಫ್-8 ಬರಹದಲ್ಲಿ ಆ ಕೊಕ್ಕೆ ಮೂರು ಬೈಟ್. ಓದೋ ಕಡೆ ಹಳೇ ವಿಂಡೋಸ್ ಲಿಪಿ ಅಂದುಕೊಂಡು ತೆರೆದರೆ ಮೂರು ಬೇರೆ ಬೇರೆ ಗುರುತು: ಟೋಪಿ ಹಾಕಿದ 'ಎ', ಯೂರೋ ದುಡ್ಡಿನ ಚಿಹ್ನೆ, ಟ್ರೇಡ್‌ಮಾರ್ಕ್. ಪೊಸೈಡನ್ನನ ಸಮುದ್ರದಲ್ಲಿ ಎರಡೆರಡು ಸಲ ಯೂರೋ ತೇಲುತ್ತಿತ್ತು.

ಕನ್ನಡಕ್ಕೂ ಇದೇ ಗತಿ ಆಗ್ತಿತ್ತಲ್ಲೋ. ನಮ್ಮ ಅಕ್ಷರವೂ ಯೂನಿಕೋಡ್‌ನಲ್ಲಿ ಮೂರು ಬೈಟೇ. ಕೆಟ್ಟಾಗ ಸಾಲು ತುಂಬ ತಲೆ ಮೇಲೆ ಗೀರಿರೋ 'ಎ', ಅದರ ಪಕ್ಕ ಪುಟಾಣಿ ಎರಡೋ ಮೂರೋ. ನುಡಿ ತಂತ್ರಾಂಶದಲ್ಲಿ ಹೊಡೆದು ಮೇಲ್‌ಗೆ ಅಂಟಿಸಿದ್ದು ಇನ್ನೊಂದು ಥರದ ಗೋಜಲು. ಆದರೂ ನಾವು ಪುಣ್ಯವಂತರು. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಮನೆ ಸಿಕ್ಕಿತು. ಕ್ಲಿಂಗನ್ನರ ಸ್ವಂತ ಲಿಪಿಯ ಅರ್ಜಿ 2001ರಲ್ಲಿ ತಿರಸ್ಕಾರ ಆಯ್ತು. ಅವರು ಇವತ್ತಿಗೂ ಇಂಗ್ಲಿಷ್ ಅಕ್ಷರದ ಬಾಡಿಗೆ ಮನೆಯಲ್ಲಿದಾರೆ.

ಸರಿ, ಕೀಲಿಮಣೆ ಪುರಾಣ ಸಾಕು. ನನ್ನ ನಿದ್ದೆ ಕೆಡಿಸಿರೋದು ಹೆಸರುಗಳು. ಈ ಭಾಷೆ ಕಟ್ಟಿದ ಮಾರ್ಕ್ ಓಕ್ರಾಂಡ್ 1985ರಲ್ಲಿ ಕ್ಲಿಂಗನ್ ನಿಘಂಟು ತಂದಾಗ ಡ, ಷ ಎರಡನ್ನೂ ನಾಲಗೆ ಮಡಿಸೋ ಥರ ಇಟ್ಟ. ಅಮೆರಿಕದವರು ತಿಣುಕಬೇಕು, ನಮಗೆ ಬಾಯಿಗೆ ಬಂದದ್ದೇ. ಆದರೆ ಸ ಇಲ್ಲ, ಗ ಇಲ್ಲ, ಫ ಇಲ್ಲ. ಜ್ಯೂಸ್ ಹೋಗಿ 'ಷೇ-ಉಷ್' ಆಗ್ತಾನೆ. ಹೇಳಿ ನೋಡು, ದೇವತೆಗಳ ರಾಜನೋ, ಮಗು ಮಲಗಿಸೋ ಸದ್ದೋ?

ಹೆಸರು ಬದಲಿಸಿಬಿಡು ಅಂತ ನೀನು ಅಂದೆ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ದಾರಿ ಇದೆ. ತುರುವೇಕೆರೆ ತಾಲ್ಲೂಕು ಸಂಪಿಗೆಯಲ್ಲಿ ಹುಟ್ಟಿದ ಬಿಎಂಶ್ರೀ, ಸೊಫೊಕ್ಲಿಸನ ಏಜಾಕ್ಸ್ ನಾಟಕವನ್ನ ಕನ್ನಡಕ್ಕೆ ತರುವಾಗ ಏಜಾಕ್ಸನನ್ನ ಏಜಾಕ್ಸ್ ಆಗಿ ಬಿಡಲಿಲ್ಲ, ಅಶ್ವತ್ಥಾಮ ಮಾಡಿದರು. ಅದೇ ಬಿಎಂಶ್ರೀ 'ಪಾರಸೀಕರು' ಮಾಡಿದಾಗ ಪರ್ಷಿಯನ್ನರನ್ನ ಪರ್ಷಿಯನ್ನರಾಗಿಯೇ ಬಿಟ್ಟರು. ನಾನು ಎರಡನೇ ದಾರಿ ಹಿಡಿದಿದೀನಿ. ಕಾರಣ ಇದೆ. ಕ್ಲಿಂಗನ್ನರಿಗೆ ದೇವರಿಲ್ಲ. ಇದ್ದರು, ಕಾಟ ಜಾಸ್ತಿ ಆಯ್ತು ಅಂತ ಪೂರ್ವಿಕ ಯೋಧರು ಕೊಂದುಹಾಕಿದರು, ಹಾಗಂತ ಸ್ಟಾರ್ ಟ್ರೆಕ್‌ನ ಕ್ಲಿಂಗನ್ ಯೋಧ ವೋರ್ಫೇ ಹೇಳ್ತಾನೆ. ಅಂಥವರ ಭಾಷೆಯಲ್ಲಿ ಜ್ಯೂಸನಿಗೆ ಅಶ್ವತ್ಥಾಮನಂಥ ಜೊತೆಗಾರ ಎಲ್ಲಿಂದ ತರಲಿ? ಬಂಡೆಗೆ ಕಟ್ಟಿಸಿಕೊಂಡು, ದಿನಾ ಹದ್ದಿಗೆ ಈಲಿ ಕೊಡೋ ಪ್ರಮೀಥಿಯಸನ ಕತೆ ಓದಿದ ಕ್ಲಿಂಗನ್ ಮೊದಲು ಕೇಳೋದೇ 'ಇವನು ಜ್ಯೂಸನನ್ನ ಯಾಕೆ ಮುಗಿಸಲಿಲ್ಲ?' ಅಂತ. ಆ ಕತೆ ಅವರಿಗೆ ಪರದೇಶದ್ದಾಗಿಯೇ ಕೇಳಿಸಲಿ.

ಪೊಸೈಡನ್ ಮಾತ್ರ ನನಗೆ ಪರದೇಶದವನು ಅನಿಸೋದೇ ಇಲ್ಲ. ಅಥೆನ್ಸ್ ಯಾರದ್ದು ಅನ್ನೋ ಜಿದ್ದಿಗೆ ಅವನು ತ್ರಿಶೂಲದಿಂದ ಬಂಡೆಗೆ ಹೊಡೆದ, ಉಪ್ಪುನೀರು ಚಿಮ್ಮಿತು. ದೇವರಾಯನದುರ್ಗದ ಬುಡದಲ್ಲಿ ರಾಮ ಹಣೆಗೆ ನಾಮ ಹಚ್ಚೋಕೆ ನೀರಿಲ್ಲ ಅಂತ ಬಂಡೆಗೆ ಬಾಣ ಬಿಟ್ಟ, ನಾಮದ ಚಿಲುಮೆ ಆಯ್ತು. ನಮ್ಮದು ಸಿಹಿನೀರು ಅನ್ನೋದೊಂದೇ ವ್ಯತ್ಯಾಸ. ಆ ಪ್ಯಾರಾ ನಾನು ಒಂದೇ ಉಸಿರಿಗೆ ಮುಗಿಸಿದ್ದು.

ಈಗ ಮೆಡೂಸಾ ಹತ್ರ ಸಿಕ್ಕಿಹಾಕಿಕೊಂಡಿದೀನಿ, ನಿನ್ನ ಸಹಾಯ ಬೇಕು. ಕ್ಲಿಂಗನ್‌ನಲ್ಲಿ ಬಹುವಚನ ಮೂರು ಬಗೆ: ಮಾತಾಡೋವರಿಗೆ ಒಂದು, ಮೈಯ ಅಂಗಗಳಿಗೆ ಒಂದು, ಉಳಿದದ್ದಕ್ಕೆಲ್ಲ ಒಂದು. ಮನುಷ್ಯರಿಗೆ 'ಅರು', ಮಿಕ್ಕವಕ್ಕೆ 'ಗಳು' ಅನ್ನೋ ನಮಗೆ ಇದು ಕಷ್ಟ ಅಲ್ಲ. (ದೇವತೆಗಳನ್ನ ಮಾತ್ರ ನಾವು ಮರ, ಕಲ್ಲುಗಳ ಜೊತೆ 'ಗಳು'ಗೆ ಸೇರಿಸಿಬಿಟ್ಟಿದೀವಿ. ಕ್ಲಿಂಗನ್ನರು ಕೊಂದರೂ ವ್ಯಾಕರಣದಲ್ಲಿ ಮರ್ಯಾದೆ ಕೊಡ್ತಾರೆ.) ಆದರೆ ಮೆಡೂಸಾ ತಲೆಯಲ್ಲಿ ಕೂದಲಿನ ಜಾಗದಲ್ಲಿರೋ ಹಾವುಗಳನ್ನ ಎಲ್ಲಿಗೆ ಸೇರಿಸಲಿ? ಹಾವು ಅಂತ ಎಣಿಸಿದರೆ ಮೂರನೇ ಗುಂಪು, ತಲೆಯಲ್ಲೇ ಬೆಳೆದವು ಅಂದರೆ ಎರಡನೇದು. ನಿನಗೆ ಹೇಗನಿಸುತ್ತೆ, ಬರೆ. ಬರೀ ಪಠ್ಯದಲ್ಲಿ. ಫೋನಿನಿಂದ ಬೇಡ.

ನಿನ್ನ
ಹಳೇ ಗೆಳೆಯ