ಮದುವೆ ಬಟ್ಟೆಯ ಆಲ್ಟರೇಷನ್ ದರ ಮೊದಲೇ ಬರೆದುಕೊಡಲಿ

ಮಾನ್ಯರೇ,

ಕಳೆದ ತಿಂಗಳು ನನ್ನ ಮಗಳ ಮದುವೆ ಆಯಿತು. ದೇವರ ದಯೆಯಿಂದ ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಮುಂಬೈಯಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಮದುವೆ ಬಟ್ಟೆ ತೆಗೆಯುವ ಓಡಾಟ ನಡೆದಿರುತ್ತದೆ. ಅವರಿಗಾದರೂ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಧಾರೆಗೆ ಸೀರೆ, ರಿಸೆಪ್ಷನ್‌ಗೆ ಲೆಹೆಂಗಾ ಎಂದು ಮಗಳು ಮೊದಲೇ ಹೇಳಿದ್ದಳು. ಲೆಹೆಂಗಾ ತೆಗೆಯಲು ದಸರಾ ಹೊತ್ತಿಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ದಾದರ್‌ಗೆ ಹೋದೆವು. ಹಿಂದಮಾತಾ ಕಡೆ ನಾಲ್ಕೈದು ಅಂಗಡಿ ಸುತ್ತಿದ ಮೇಲೆ ಅವಳ ಮನಸ್ಸಿಗೆ ಬಂದದ್ದು ಸಿಕ್ಕಿತು. ದಾಳಿಂಬೆ ಬಣ್ಣ, ಕೆಳಗೆ ಆರು ಇಂಚು ಅಗಲದ ಜರ್ದೋಸಿ (ಜರಿ ಕಸೂತಿ) ಅಂಚು. ಬೆಲೆ 32,000 ರೂಪಾಯಿ. ನಮ್ಮಂಥವರಿಗೆ ಇದು ಸಣ್ಣ ದುಡ್ಡಲ್ಲ. ಮಗಳ ಎತ್ತರ ಐದೇ ಅಡಿ. ಹಾಕಿ ನೋಡಿದಾಗ ನಾಲ್ಕು ಇಂಚು ನೆಲಕ್ಕೆ ಬೀಳುತ್ತಿತ್ತು. ಅದರ ಜೊತೆಯ ರವಿಕೆ, ಅಂದರೆ ಚೋಳಿ, ಭುಜದಲ್ಲಿ ಜಾರುತ್ತಿತ್ತು. "ಫಿಟಿಂಗ್ ಹೋ ಜಾಯೇಗಾ ಆಂಟಿ, ಟೆನ್ಶನ್ ಮತ್ ಲೋ" ಎಂದ ಅಂಗಡಿಯ ಹುಡುಗ. ಎಷ್ಟಾಗುತ್ತದೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಇಷ್ಟು ಬೆಲೆಯ ಬಟ್ಟೆಗೆ ಫಿಟಿಂಗ್ ಅದರಲ್ಲೇ ಬರುತ್ತದೆ ಎಂದುಕೊಂಡೆ.

ದೀಪಾವಳಿ ಮುಗಿಸಿ ಟ್ರಯಲ್‌ಗೆ ಹೋದಾಗ ಲೆಕ್ಕ ಹೇಳಿದರು. ಲೆಹೆಂಗಾ ಗಿಡ್ಡ ಮಾಡಲು 2,800. ಚೋಳಿಯ ತೋಳು, ಸೈಡು, ಕುತ್ತಿಗೆಗೆ 2,200. ಮದುವೆಗೆ ಹನ್ನೊಂದೇ ದಿನ ಉಳಿದದ್ದರಿಂದ ಅರ್ಜೆಂಟ್ ಎಂದು 1,500. ಒಟ್ಟು 6,500 ರೂಪಾಯಿ. ಅಂದರೆ ಬಟ್ಟೆಯ ಬೆಲೆಯ ಐದನೇ ಒಂದು ಪಾಲು. ಟ್ರಯಲ್‌ನ ದಿನ ಗೊತ್ತುಮಾಡಿದ್ದೂ ಅವರೇ. ಹಾಗಿರುವಾಗ ಅರ್ಜೆಂಟಿನ ದುಡ್ಡು ನಾವು ಯಾಕೆ ಕೊಡಬೇಕು?

ಹೊರಗೆ ಮಾಡಿಸೋಣ ಎಂದು ನಮ್ಮ ಬೀದಿಯ ಟೈಲರ್ ಹತ್ತಿರ ಫೋಟೊ ತೋರಿಸಿದೆ. ಇಪ್ಪತ್ತು ವರ್ಷದಿಂದ ನಮಗೆ ಪರಿಚಯದವರು ಅವರು. "ತಾಯಿ, ಇದು ಭಾರೀ ಕೆಲಸದ ಬಟ್ಟೆ. ಹಾಳಾದರೆ ನಾನು ಎಲ್ಲಿಂದ ತಂದುಕೊಡಲಿ?" ಎಂದು ಕೈಮುಗಿದರು. ಹೊರಗೆ ಕೊಟ್ಟರೆ ಆಮೇಲೆ ನಮ್ಮನ್ನು ಕೇಳಬೇಡಿ ಎಂದು ಅಂಗಡಿಯವರೂ ಹೇಳಿಯಾಗಿತ್ತು. ಮದುವೆ ಹತ್ತಿರ ಬಂದಾಗ ಹೆಣ್ಣು ಹೆತ್ತವರು ಜಗಳಕ್ಕೆ ನಿಲ್ಲುವುದಿಲ್ಲ. ಅದು ಅವರಿಗೂ ಗೊತ್ತು. ದುಡ್ಡು ಕೊಟ್ಟು ಬಂದೆವು.

ಸುಮ್ನೆ ಕೂಗಾಡುವವಳು ನಾನಲ್ಲ. ಹೊಲಿಗೆಯ ಕೆಲಸ ನನಗೆ ಗೊತ್ತು. ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದ ಮೇಲೆ ಹದಿನೆಂಟು ವರ್ಷ ಮನೆಯಲ್ಲೇ ಮೆಷಿನ್ ಇಟ್ಟು ಫಾಲ್, ಪಿಕೋ, ರವಿಕೆ ಹೊಲಿದಿದ್ದೇನೆ. ಇಂಥ ಲೆಹೆಂಗಾ ಗಿಡ್ಡ ಮಾಡುವುದು ಪ್ಯಾಂಟಿನ ಕಾಲು ಮಡಚಿದಷ್ಟು ಸುಲಭ ಅಲ್ಲ. ಕೆಳಗೆ ಅಂಚು ಇರುವುದರಿಂದ ಅಲ್ಲಿ ಕತ್ತರಿ ಹಾಕುವ ಹಾಗಿಲ್ಲ. ಸೊಂಟದ ಪಟ್ಟಿ ಬಿಚ್ಚಿ ಮೇಲಿನಿಂದಲೇ ಕತ್ತರಿಸಬೇಕು. ಕಲಿಗಳು, ಅಂದರೆ ಲೆಹೆಂಗಾದ ಸುತ್ತ ಜೋಡಿಸಿದ ಉದ್ದುದ್ದ ತುಂಡುಗಳು, ಮೇಲೆ ಸಪೂರ, ಕೆಳಗೆ ಅಗಲ ಇರುತ್ತವೆ. ಮೇಲೆ ನಾಲ್ಕು ಇಂಚು ತೆಗೆದರೆ ಸೊಂಟದ ಸುತ್ತಳತೆ ದೊಡ್ಡದಾಗುತ್ತದೆ. ಆಗ ಒಂದೊಂದು ಕಲಿಯನ್ನೂ ಮತ್ತೆ ಒಳಗೆ ಹಿಡಿಯಬೇಕು. ಮಗಳದ್ದರಲ್ಲಿ ಹದಿನಾರು ಕಲಿ ಇದ್ದವು. ಒಳಗಿನ ಲೈನಿಂಗ್, ಲೆಹೆಂಗಾ ಉಬ್ಬಿ ನಿಲ್ಲಲು ಹಾಕುವ ಗಟ್ಟಿ ಬಲೆಯಂಥ ಕ್ಯಾನ್‌ಕ್ಯಾನ್ ಕೂಡ ಅಷ್ಟೇ ಗಿಡ್ಡ ಆಗಬೇಕು. ಜಿಪ್ ಕೆಳಗೆ ಇಳಿಯಬೇಕು. ಹೊಲಿಗೆ ಹೋಗುವ ದಾರಿಯಲ್ಲಿ ಮಣಿ ಇದ್ದರೆ ಮೆಷಿನ್ನಿನ ಸೂಜಿ ಮುರಿಯುತ್ತದೆ. ಅದಕ್ಕೇ ಮಣಿಗಳನ್ನೆಲ್ಲ ಮೊದಲು ಕೈಯಿಂದ ತೆಗೆದು, ಹೊಲಿದ ಮೇಲೆ ಮತ್ತೆ ಕೈಯಿಂದಲೇ ಕೂರಿಸಬೇಕು. ಒಳ್ಳೆಯ ಕೆಲಸಗಾರನಿಗೂ ಒಂದೂವರೆ ದಿನ ಬೇಕು. ಅದಕ್ಕೆ ತಕ್ಕ ದುಡ್ಡು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ದುಡ್ಡು ಕೆಲಸ ಮಾಡಿದವನಿಗೆ ಹೋಗುತ್ತದೆಯೇ? ಎರಡನೇ ಟ್ರಯಲ್‌ನಲ್ಲಿ ಎಡಗೈ ತೋಳು ಬಿಗಿಯಾಯಿತು. ಮದುವೆಗೆ ಐದು ದಿನ ಇತ್ತು. ಅಂಗಡಿಯ ಹುಡುಗ ನಮ್ಮನ್ನು ನೇರವಾಗಿ ಹೊಲಿಗೆ ಕೆಲಸದ ಕಾರಿಗರ್ ಹತ್ತಿರವೇ ಕರೆದುಕೊಂಡು ಹೋದ. ಪರೇಲ್ ಕಡೆಯ ಹಳೇ ಚಾಳಿನ ಮಾಳಿಗೆ. ಮರದ ಏಣಿ ಹತ್ತಿ ಹೋಗಬೇಕು. ಸಣ್ಣ ಕೋಣೆ, ನಾಲ್ಕು ಮೆಷಿನ್, ಒಂದು ಟ್ಯೂಬ್‌ಲೈಟ್. ಬಿಹಾರದ ಕಡೆಯವರು, ನಲವತ್ತು ದಾಟಿದ ಮನುಷ್ಯ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಚೋಳಿ ಇಟ್ಟುಕೊಂಡರು. ಅರ್ಧ ಬ್ಲೇಡಿನ ತುದಿಯಿಂದ ಕಂಕುಳದ ಹತ್ತಿರ ನೂಲು ಕೊಯ್ದು, ಒಂದೊಂದೇ ಮಣಿ ಎತ್ತಿ ಸ್ಟೀಲಿನ ಬಟ್ಟಲಿಗೆ ಹಾಕುತ್ತ ಹೋದರು. ಒಂದು ಮಣಿಯೂ ಹಾರಲಿಲ್ಲ. ಹೊಲಿಗೆ ಬಿಚ್ಚಿದಾಗ ಒಳಗೆ ನೋಡಿದೆ. ಕಾಲು ಇಂಚು ಬಟ್ಟೆ ಕೂಡ ಬಿಟ್ಟಿರಲಿಲ್ಲ. "ಮಾರ್ಜಿನ್ ಹೀ ನಹೀಂ ಹೈ, ದೀದಿ" ಎಂದು ಅವರೇ ಬೇಜಾರು ಮಾಡಿಕೊಂಡರು. ದುಪಟ್ಟಾದ ಅಂಚಿನಿಂದ ಸ್ವಲ್ಪ ತೆಗೆದು ಕಂಕುಳಲ್ಲಿ ತುಂಡು ಕೊಟ್ಟು ಸರಿ ಮಾಡಿದರು. ಹೊರಗೆ ಗೊತ್ತೇ ಆಗುವುದಿಲ್ಲ, ಅಷ್ಟು ಚೆನ್ನಾಗಿ.

ಲೆಹೆಂಗಾ, ಚೋಳಿ ಎರಡೂ ಸೇರಿ ಈ ಇಡೀ ಕೆಲಸಕ್ಕೆ ಅವರಿಗೆ ಸಿಕ್ಕಿದ್ದು 900 ರೂಪಾಯಿ. ನಾನು ಕೇಳಿದ್ದಕ್ಕೆ ಅವರೇ ಹೇಳಿದ್ದು. ಅಂಗಡಿಗೆ ಬಾಡಿಗೆ ಇದೆ, ಬಟ್ಟೆ ಹಾಳಾದರೆ ಹೊಣೆ ಇದೆ, ಒಪ್ಪುತ್ತೇನೆ. ಆದರೂ 6,500 ಎಲ್ಲಿ, 900 ಎಲ್ಲಿ? ಅವತ್ತು ರೈಲಿನಲ್ಲಿ ವಾಪಸ್ ಬರುವಾಗ ನನಗೂ ಮಗಳಿಗೂ ಮಾತೇ ಬರಲಿಲ್ಲ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಗಿಂತ ಜಾಸ್ತಿ ಬೆಲೆಯ ಸಿದ್ಧ ಉಡುಪಿಗೆ ಶೇ. 18 ಜಿಎಸ್‌ಟಿ ಇದೆ. ಮೊದಲು ಶೇ. 12 ಇತ್ತು. ಲೆಹೆಂಗಾದ ಬಿಲ್ಲಿನಲ್ಲಿ ಆ ತೆರಿಗೆಯನ್ನು ಪೈಸೆ ಸಹಿತ ಬರೆದಿದ್ದರು. ಆಲ್ಟರೇಷನ್‌ಗೆ ಮಾತ್ರ ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದ ಮೂರು ಸಂಖ್ಯೆ, ಅಷ್ಟೇ. ಬಿಲ್ ಕೊಡಿ ಎಂದರೆ "ಇದಕ್ಕೆ ಬಿಲ್ ಇಲ್ಲ" ಎಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಮಾರಿದ ವಸ್ತುವಿಗಾಗಲಿ, ಮಾಡಿಕೊಟ್ಟ ಸೇವೆಗಾಗಲಿ ಬಿಲ್ ಕೊಡದೆ ಇರುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೂ ದೂರು ಹೇಳಬಹುದು. ಇದು ನನಗೆ ಗೊತ್ತಾದದ್ದು ಮದುವೆ ಮುಗಿದ ಮೇಲೆ. ಮೊದಲೇ ಗೊತ್ತಿದ್ದರೆ ಆ ಕೌಂಟರಿನ ಮುಂದೆ ಇನ್ನೂ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತಿದ್ದೆ.

ಅಂಗಡಿಯವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಉದ್ದ ಕಡಿಮೆ ಮಾಡಲು ಇಷ್ಟು, ತೋಳಿಗೆ ಇಷ್ಟು, ಎಷ್ಟು ದಿನದೊಳಗೆ ಬೇಕಾದರೆ ಅರ್ಜೆಂಟ್, ಇದನ್ನು ಒಂದು ಬೋರ್ಡಿನಲ್ಲಿ ಹಾಕಲಿ. ಬಟ್ಟೆಯ ದುಡ್ಡು ಎಣಿಸುವ ಮೊದಲೇ ಬಿಲ್ಲಿನಲ್ಲಿ ಬರೆಯಲಿ. ಆಗ 32,000ದ ಲೆಹೆಂಗಾ ನಿಜವಾಗಿ 38,500ದ್ದು ಎಂದು ನಮಗೆ ಗೊತ್ತಾಗುತ್ತದೆ. ಬೇಕಾದರೆ ತಗೊಳ್ತೇವೆ, ಬೇಡವಾದರೆ ಪಕ್ಕದ ಅಂಗಡಿಗೆ ಹೋಗ್ತೇವೆ. ಇಷ್ಟು ಹಕ್ಕು ನಮಗೆ ಬೇಕು, ಅಲ್ವಾ?

ಹಾಗೆಯೇ ಬಟ್ಟೆ ತಯಾರಿಸುವವರು ಒಳಗೆ ಒಂದು ಇಂಚಾದರೂ ಮಾರ್ಜಿನ್ ಬಿಡಲಿ. ನನ್ನ ಧಾರೆಯ ರವಿಕೆ ಈಗಲೂ ಕಪಾಟಿನಲ್ಲಿದೆ. ಊರಿನ ಟೈಲರ್ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿದ್ದರು. ಬಾಣಂತನ ಮುಗಿದ ಮೇಲೆ ಒಂದು ಸಾಲು ಬಿಚ್ಚಿದೆ. ತಮ್ಮನ ಮದುವೆಗೆ ಇನ್ನೊಂದು ಸಾಲು ಬಿಚ್ಚಿದೆ. ಒಂದು ರೂಪಾಯಿ ಖರ್ಚಿಲ್ಲದೆ ಆ ರವಿಕೆ ಹನ್ನೆರಡು ವರ್ಷ ನನಗೆ ಸರಿಯಾಯಿತು. ಒಂದು ಇಂಚು ಬಟ್ಟೆಯಲ್ಲಿ ಉಳಿಸುವುದು ಎಷ್ಟು ಮಹಾ?

ಕಾಲು ಅಳೆಯದೆ ಲೆಹೆಂಗಾ ತೆಗೆಯಬೇಡಿ ಎಂದು ನಮ್ಮ ಹೆಣ್ಣುಮಕ್ಕಳಿಗೂ ಹೇಳುತ್ತೇನೆ. ಮದುವೆ ದಿನ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ಸೊಂಟದಿಂದ ನೆಲದವರೆಗೆ ಅಳತೆ ತೆಗೆಸಿ. ಟ್ರಯಲ್‌ನ ದಿನವನ್ನು ಬಿಲ್ಲಿನ ಮೇಲೇ ಬರೆಸಿ. ಕತ್ತರಿಸಿದ ಬಟ್ಟೆಯನ್ನೂ ಮಣಿಯನ್ನೂ ತಪ್ಪದೆ ಕೇಳಿ ಪಡೆಯಿರಿ. ಮುಂದೆ ತೇಪೆಗೆ ಅದೇ ಬಣ್ಣ ಎಲ್ಲೂ ಸಿಗುವುದಿಲ್ಲ. ಮಗಳ ಲೆಹೆಂಗಾದ ತುಂಡುಗಳನ್ನು ಕಾರಿಗರ್ ಅವರೇ ಪೊಟ್ಟಣ ಕಟ್ಟಿ ಕೊಟ್ಟರು.

ನನ್ನ ತಂಗಿಯ ಮಗಳ ಮದುವೆ ಮೇ ತಿಂಗಳಲ್ಲಿದೆ. ಬಟ್ಟೆ ತೆಗೆಯಲು ನಾನೂ ಹೋಗಬೇಕು. ಆಲ್ಟರೇಷನ್ ದರವನ್ನು ಮೊದಲೇ ಬರೆದುಕೊಡುವ ಅಂಗಡಿ ಮುಂಬೈಯಲ್ಲಿ ಯಾವುದಾದರೂ ಇದ್ದರೆ, ಗೊತ್ತಿರುವ ಓದುಗರು ದಯವಿಟ್ಟು ಈ ಅಂಕಣಕ್ಕೆ ಬರೆದು ತಿಳಿಸಬೇಕು.

ಮದುಮಗಳ ತಾಯಿ
ಡೊಂಬಿವಲಿ ಪೂರ್ವ