ಕಷ್ಟದ ಕಥೆ ಹೇಳಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಕಷ್ಟ ಉಂಡು ಮೇಲೆ ಬಂದವರನ್ನು ವೇದಿಕೆಗೆ ಕರೆಯುವುದು, ಕಥೆ ಹೇಳಿಸುವುದು, ಶಾಲು ಹೊದಿಸಿ ಕಳಿಸುವುದು ಈಗ ಜಾಸ್ತಿಯಾಗಿದೆ. ಕೇಳಿದರೆ ಯುವಜನರಿಗೆ ಸ್ಫೂರ್ತಿ ಎನ್ನುತ್ತಾರೆ. ಚಪ್ಪಾಳೆ ತಟ್ಟಿ ಮನೆಗೆ ಹೋದ ಮಕ್ಕಳ ಕೈಯಲ್ಲಿ ಏನು ಉಳಿಯುತ್ತದೆ?

ಬೆಜವಾಡ ವಿಲ್ಸನ್ ಅವರನ್ನೇ ನೋಡಿ. ಕೆಜಿಎಫ್‌ನಲ್ಲಿ, ಮಲ ಹೊರುವ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲಿ ಹುಟ್ಟಿದವರು. 1993ರಲ್ಲೇ ಅದನ್ನು ನಿಷೇಧಿಸುವ ಕಾಯ್ದೆ ಬಂದಿತ್ತು, ಆದರೆ ಎಷ್ಟೋ ರಾಜ್ಯಗಳು ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ ಎಂದು ಸಾಧಿಸುತ್ತಿದ್ದವು. ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದವರು ಊರೂರು ತಿರುಗಿ, ಕೈಯಿಂದಲೇ ಮಲ ಬಳಿಯಬೇಕಾದ ಒಣ ಕಕ್ಕಸುಗಳ ಲೆಕ್ಕ ಹಾಕಿದರು, ಫೋಟೊ ತೆಗೆದರು, ಆ ದಾಖಲೆ ಹಿಡಿದು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು. 1993ರಿಂದ ಈಚೆಗೆ ಮ್ಯಾನ್‌ಹೋಲ್‌ಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಎಂದು 2014ರ ತೀರ್ಪು ಹೇಳಿತು. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವು ಮಾತ್ರ ಇನ್ನೂ ನಿಂತಿಲ್ಲ, ಅದು ನಮ್ಮೆಲ್ಲರ ನಾಚಿಕೆ.

ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಅಗರ್ವಾಲ್ ಅವರೂ ಹಾಗೆಯೇ. ಅವರು ಹಾಕಿದ ಅರ್ಜಿಯಿಂದಲೇ 2013ರಲ್ಲಿ ಅಂಗಡಿಗಳ ಆ್ಯಸಿಡ್ ಮಾರಾಟಕ್ಕೆ ಕಡಿವಾಣ ಬಿತ್ತು.

ಎಳೆಯರು ಇವರಿಂದ ಕಲಿಯಬೇಕಾದದ್ದು ಈ ಕೆಲಸವನ್ನು. ಅನ್ಯಾಯವಾದಾಗ ದಿನಾಂಕ ಹಾಕಿ ಬರೆದಿಡುವುದು ಹೇಗೆ, ಸಾಕ್ಷಿ ಯಾರು, ಯಾವ ಕಚೇರಿಗೆ ಅರ್ಜಿ ಕೊಡಬೇಕು, ಸ್ವೀಕೃತಿ ಇಲ್ಲದೆ ಯಾಕೆ ವಾಪಸ್ ಬರಬಾರದು, ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಯಾರಿಗೆ, ಇದನ್ನೆಲ್ಲ ಕಚೇರಿಗಳಿಗೆ ಅಲೆದು ಅಲೆದು ಚಪ್ಪಲಿ ಸವೆಸಿದವರಷ್ಟು ಚೆನ್ನಾಗಿ ಬೇರೆ ಯಾರು ಹೇಳಿಕೊಡುತ್ತಾರೆ? ಬೈಸಿಕೊಂಡು ಬಂದ ದಿನ ಧೈರ್ಯ ಹೇಳುವವರೂ ಅವರೇ.

ಮತ್ತೆ, ನೊಂದವರೆಲ್ಲ ಹೋರಾಟಗಾರರೇ ಆಗಬೇಕು ಅಂತೇನಿಲ್ಲ. ಸುಮ್ನೆ ತಮ್ಮ ಪಾಡಿಗೆ ಬದುಕು ಕಟ್ಟಿಕೊಳ್ಳುವ ಹಕ್ಕು ಅವರಿಗೂ ಇದೆ ಅಲ್ವಾ? ಹೋದಲ್ಲೆಲ್ಲ ಅದೇ ನೋವನ್ನು ಮೊದಲಿಂದ ಹೇಳಿ ಎಂದು ಒತ್ತಾಯಿಸುವುದು ಕ್ರೌರ್ಯ.

ಕಾರ್ಯಕ್ರಮ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಏನು ಹೇಳಲು ಇಷ್ಟ ಎಂದು ಮೊದಲು ಅವರನ್ನೇ ಕೇಳಿ. ಹೋಗಿಬರುವ ಖರ್ಚು, ಆ ದಿನದ ಕೂಲಿ ಕೊಡಿ. ಅರ್ಧ ಗಂಟೆಯ ಭಾಷಣದ ಬದಲು ನಾಲ್ಕೈದು ಮಕ್ಕಳನ್ನು ವರ್ಷವಿಡೀ ಅವರ ಜೊತೆ ಬಿಡಿ, ಅರ್ಜಿ ಬರೆಯುವಾಗ ಪಕ್ಕದಲ್ಲಿ ಕೂರಲಿ, ಕಚೇರಿಗೆ ಹೋಗುವಾಗ ಜೊತೆಗೆ ಹೋಗಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ